ಬೇಲಿ ಸವರಲು ಯಾರನ್ನು ಕರೆಯಬೇಕು? ಮೊದಲು ಗಿಡವನ್ನು ನೋಡಿ

ನಮ್ಮ ಮೈಸೂರಿನ ಮನೆಯ ಗೇಟಿನ ಎರಡೂ ಪಕ್ಕ ಒಂದೊಂದು ಮೋರ್‌ಪಂಖಿ ಗಿಡವಿತ್ತು. ಶಾಲೆಯಲ್ಲಿದ್ದಾಗ ಪುಸ್ತಕದೊಳಗೆ ಇಟ್ಟುಕೊಂಡರೆ ವಿದ್ಯೆ ಬರುತ್ತದೆ ಅಂತ ನಂಬಿದ್ದೆವಲ್ಲ, ಆ ಎಲೆಯ ಗಿಡ. ನರ್ಸರಿಯವರು ಥೂಜಾ ಅನ್ನುತ್ತಾರೆ. ಹನ್ನೊಂದು ವರ್ಷ ಬೆಳೆಸಿದ್ದೆವು. ಒಂದು ಏಪ್ರಿಲ್‌ನಲ್ಲಿ ಪೆಟ್ರೋಲ್ ಮಿಷನ್ ಹಿಡಿದು ಬಂದವರೊಬ್ಬರು ಇಪ್ಪತ್ತು ನಿಮಿಷದಲ್ಲಿ ಎರಡನ್ನೂ ಬಿಸ್ಕತ್ ಡಬ್ಬಿಯ ಹಾಗೆ ಚೌಕ ಮಾಡಿಕೊಟ್ಟರು. ಹಸಿರು ದಾಟಿ, ಒಳಗಿನ ಕಂದು ಕಡ್ಡಿ ಕಾಣುವವರೆಗೂ ಕತ್ತರಿಸಿದ್ದರು. "ಮಳೆ ಬಿದ್ರೆ ಚಿಗುರುತ್ತೆ ಬಿಡಿ" ಅಂದರು. ಮಳೆ ಬಿತ್ತು. ಮರುವರ್ಷವೂ ಬಿತ್ತು. ಗಿಡ ಚಿಗುರಲೇ ಇಲ್ಲ.

ತಮಾಷೆ ಏನೆಂದರೆ, ಅದೇ ದಿನ ಅದೇ ಮಿಷನ್ನಿನಿಂದ ಅವರು ನಮ್ಮ ಡುರಾಂಟಾ ಬೇಲಿಯನ್ನೂ ಅಷ್ಟೇ ಕ್ರೂರವಾಗಿ ಸವರಿದ್ದರು. ಅದು ಮೂರೇ ವಾರದಲ್ಲಿ ಮೈತುಂಬ ಚಿಗುರಿ ನಿಂತಿತು. ಡುರಾಂಟಾದ ಹಳೆಯ ಕಡ್ಡಿಯಲ್ಲೂ ಮೊಗ್ಗು ಮಲಗಿರುತ್ತದೆ, ಕತ್ತರಿ ಬಿದ್ದ ಕೂಡಲೇ ಏಳುತ್ತದೆ. ಥೂಜಾದ ಎಲೆಯಿಲ್ಲದ ಹಳೆಯ ಕಡ್ಡಿಯಲ್ಲಿ ಆ ಮೊಗ್ಗೇ ಇರುವುದಿಲ್ಲ. ಒಬ್ಬರೇ ಮನುಷ್ಯ, ಒಂದೇ ಮಿಷನ್ನು, ಒಂದು ಗಿಡ ಉಳಿಯಿತು, ಇನ್ನೆರಡು ಹೋದವು.

ಆವತ್ತಿನಿಂದ ಯಾರಾದರೂ "ನಮ್ಮ ಬೇಲಿಗೆ ಮಾಲಿ ಒಳ್ಳೆಯದಾ, ಕಂಪನಿ ಒಳ್ಳೆಯದಾ, ನಾವೇ ಮಿಷನ್ ತಗೊಳ್ಳೋದಾ" ಅಂತ ಕೇಳಿದರೆ, ನಾನು ತಿರುಗಿ ಕೇಳುವುದು ಒಂದೇ. ಗಿಡ ಯಾವುದು?

ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಸಲ

ನಾವೆಲ್ಲ ಮೊದಲು ವಿಚಾರಿಸುವುದು ಒಂದು ಸಲಕ್ಕೆ ಎಷ್ಟು ದುಡ್ಡು ಅಂತ. ವರ್ಷಕ್ಕೆ ಎಷ್ಟು ಸಲ ಸವರಬೇಕು ಅನ್ನುವುದನ್ನು ಮೊದಲು ಲೆಕ್ಕ ಹಾಕಿದರೆ ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಒಂದು 30-40 ಸೈಟು ತಗೊಳ್ಳಿ. ಮೂಲೆ ಸೈಟಾದರೆ ಎರಡು ಕಡೆ ರಸ್ತೆ. ಗೇಟಿನ ಜಾಗ 10 ಅಡಿ ಬಿಟ್ಟರೆ ಬೇಲಿ 60 ಅಡಿ ಉದ್ದ. 4 ಅಡಿ ಎತ್ತರ, ಒಂದೂವರೆ ಅಡಿ ದಪ್ಪ ಇಟ್ಟುಕೊಳ್ಳೋಣ. ಎರಡು ಮುಖ, ಮೇಲ್ಭಾಗ ಸೇರಿ ಒಂದು ಸಲಕ್ಕೆ 570 ಚದರ ಅಡಿ ಕತ್ತರಿ ಆಡಬೇಕು. ಡುರಾಂಟಾ ಹಾಕಿದ್ದರೆ ಇದು ವರ್ಷಕ್ಕೆ ಹತ್ತರಿಂದ ಹನ್ನೆರಡು ಸಲ. ಕಾಡು ಕರಿಬೇವಾದರೆ ಮೂರು, ನಾಲ್ಕು ಸಲ ಸಾಕು. ಡುರಾಂಟಾ ಸಸಿ ಅಗ್ಗ ಅಂತ ತಂದವರು ಆ ಉಳಿತಾಯವನ್ನು ಮೊದಲ ಮಳೆಗಾಲದಲ್ಲೇ ಮಾಲಿಗೆ ಕೊಟ್ಟು ಮುಗಿಸಿರುತ್ತಾರೆ.

ಡುರಾಂಟಾ ಅನ್ನುವ ಹೆಸರು 16ನೇ ಶತಮಾನದ ಇಟಲಿಯ ಸಸ್ಯತಜ್ಞ ಕಾಸ್ಟೋರೆ ಡುರಾಂಟೆ ಅವರದು. ನಮ್ಮ ಮಾಲಿ ಮಾತ್ರ ಅದನ್ನು "ದುರಂತ" ಅಂತಲೇ ಕರೆಯುತ್ತಾರೆ. "ಅಮ್ಮಾವ್ರೇ, ದುರಂತ ಮತ್ತೆ ಬೆಳೆದದೆ" ಅಂತ ಅವರು ಬಂದು ನಿಂತರೆ ನಗು ತಡೆಯುವುದು ಕಷ್ಟ. ಆದರೂ ಅದನ್ನು ಕೆಟ್ಟ ಗಿಡ ಅನ್ನಲಾರೆ. ಹಳದಿ ಎಲೆಯ ಜಾತಿ ಒಳ್ಳೆಯ ಬಿಸಿಲಿನಲ್ಲಿ ಬಂಗಾರದ ಹಾಗೆ ಕಾಣುತ್ತದೆ, ನೆರಳಿನಲ್ಲಿ ಹಸಿರಾಗಿಬಿಡುತ್ತದೆ. ಎಷ್ಟು ಕತ್ತರಿಸಿದರೂ ಸಾಯುವುದಿಲ್ಲ. ಕೈ ಪಳಗದವರಿಗೆ ಇದಕ್ಕಿಂತ ಒಳ್ಳೆಯ ಗಿಡವಿಲ್ಲ. ಅದರ ಕಿತ್ತಳೆ ಬಣ್ಣದ ಪುಟ್ಟ ಕಾಯಿ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹೂವಾಗುವ ಮೊದಲೇ ಸವರುತ್ತಿರಬೇಕು.

ನನ್ನ ಮೆಚ್ಚಿನದು ಕಾಡು ಕರಿಬೇವು. ಮಧುಕಾಮಿನಿ ಅಂದರೆ ನರ್ಸರಿಯಲ್ಲಿ ಬೇಗ ತಿಳಿಯುತ್ತದೆ. ನಿಧಾನವಾಗಿ ದಟ್ಟವಾಗುತ್ತದೆ, ಮಳೆ ಬಿದ್ದ ಮೇಲೆ ಬಿಳಿ ಹೂ ಬಿಟ್ಟು ರಸ್ತೆವರೆಗೂ ಪರಿಮಳ ಹರಡುತ್ತದೆ. ಒಂದು ಎಚ್ಚರಿಕೆ ಇದೆ. ಕೊಡಗಿನ ಕಿತ್ತಳೆಯನ್ನು ಕಾಡಿದ ಗ್ರೀನಿಂಗ್ ರೋಗವನ್ನು ಹರಡುವ ಸಿಲ್ಲಿಡ್ ಎಂಬ ಪುಟ್ಟ ಕೀಟಕ್ಕೆ ಈ ಗಿಡವೂ, ನಮ್ಮ ಅಡುಗೆಯ ಕರಿಬೇವೂ ಬಹಳ ಇಷ್ಟ. ನಿಂಬೆ, ಕಿತ್ತಳೆ, ಮೂಸಂಬಿ ಬೆಳೆಯುವ ತೋಟದ ಪಕ್ಕ ಇದರ ಬೇಲಿ ಬೇಡ.

ಫೈಕಸ್ ಜಾತಿಯ ಗಿಡಗಳು ವರ್ಷಕ್ಕೆ ಆರೇಳು ಸಲ ಕತ್ತರಿ ಕೇಳುತ್ತವೆ. ಎಲೆ ಹೊಳೆಯುತ್ತದೆ, ಗೋಡೆಯಷ್ಟು ದಟ್ಟವಾಗುತ್ತದೆ. ಆದರೆ ಅದು ಆಲದ ಬಳಗ ಅನ್ನುವುದನ್ನು ಮರೆಯಬಾರದು. ನೀವು ಮೇಲೆ ಸವರುತ್ತಾ ಇರುತ್ತೀರಿ, ಅದು ಕೆಳಗೆ ಬೇರು ಬಿಡುತ್ತಾ ಇರುತ್ತದೆ. ಹತ್ತಿರದಲ್ಲಿ ಸಂಪು, ಚರಂಡಿ ಪೈಪು, ಹಳೆಯ ಕಾಂಪೌಂಡ್ ಗೋಡೆ ಇದ್ದರೆ ನೆಲಕ್ಕೆ ಹಾಕಲೇಬೇಡಿ.

ದಾಸವಾಳ, ಕೇಪಳ (ಇಕ್ಸೋರಾ) ಗಿಡಗಳನ್ನು ಹೂವಿಗಾಗಿ ಇಟ್ಟಿದ್ದಾ, ಬೇಲಿಗಾಗಿ ಇಟ್ಟಿದ್ದಾ ಅಂತ ಮೊದಲೇ ನಿರ್ಧರಿಸಿ. ಎರಡೂ ಹೂ ಬಿಡುವುದು ಹೊಸ ಚಿಗುರಿನಲ್ಲಿ. ತಿಂಗಳಿಗೊಮ್ಮೆ ಗೋಡೆಯ ಹಾಗೆ ನೇರ ಮಾಡಿದರೆ ಪೂಜೆಗೆ ಪಕ್ಕದ ಮನೆಯ ಹೂವೇ ಗತಿ. ಇವಕ್ಕೆ ವರ್ಷಕ್ಕೆ ಎರಡು ಸಲ, ಹೂವಿನ ಒಂದು ಸುತ್ತು ಮುಗಿದ ಮೇಲೆ, ಕೈಕತ್ತರಿಯಲ್ಲಿ ಒಂದೊಂದೇ ಕೊಂಬೆ ತೆಗೆಯಬೇಕು.

ಕಾಗದದ ಹೂವಿನ ಬೇಲಿ ಕಾವಲಿಗೆ ಒಳ್ಳೆಯದು, ಮುಳ್ಳಿರುವುದರಿಂದ ಕೂಲಿ ಜಾಸ್ತಿ. ಗಾಳಿಮರವನ್ನು ಎಳೆಯದರಲ್ಲೇ ಸವರುತ್ತಾ ಬಂದರೆ ಚೆನ್ನಾದ ಬೇಲಿಯಾಗುತ್ತದೆ. ನಾಲ್ಕು ವರ್ಷ ಮರೆತರೆ ಅದು ಬೇಲಿಯಾಗಿ ಉಳಿಯುವುದಿಲ್ಲ, ಮರದ ಸಾಲಾಗುತ್ತದೆ. ಇನ್ನು ಕಣಗಿಲೆ. ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ. ಸವರಿದ ಸೊಪ್ಪನ್ನು ಸುಡುವುದೂ ಅಪಾಯ, ಹೊಗೆ ಕೂಡ ಒಳ್ಳೆಯದಲ್ಲ. ಲಂಟಾನ ಹೂವಿನ ಬೇಲಿ ಚೆಂದ ಅಂತ ಯಾರಾದರೂ ಹೇಳಿದರೆ ಲಂಟಾನ ತುಂಬಿಹೋಗಿರುವ ಬಂಡೀಪುರದ ಕಾಡಿನ ಕಡೆ ಕೈ ತೋರಿಸಿ. ಅದೂ ಚೆಂದಕ್ಕೆ ಅಂತ ಬಂದ ಗಿಡವೇ.

ಕತ್ತರಿಯೋ, ಮಿಷನ್ನೋ

ಇದನ್ನು ತೀರ್ಮಾನಿಸುವುದು ಎಲೆಯ ಅಗಲ. ಮಿಷನ್ನಿನ ಹಲ್ಲು ಎಲೆಯನ್ನು ಆರಿಸಿ ಕತ್ತರಿಸುವುದಿಲ್ಲ, ಸಿಕ್ಕಿದ್ದನ್ನೆಲ್ಲ ಕೊಯ್ಯುತ್ತದೆ. ಡುರಾಂಟಾ, ಕಾಡು ಕರಿಬೇವು, ಗಾಳಿಮರದಂಥ ಸಣ್ಣ ಎಲೆಯ ಗಿಡದಲ್ಲಿ ಅದು ಗೊತ್ತಾಗುವುದಿಲ್ಲ. ದಾಸವಾಳ, ಕ್ರೋಟನ್, ಅಕಾಲಿಫಾದಂಥ ಅಗಲ ಎಲೆಯಲ್ಲಿ ಅರ್ಧ ಹರಿದ ಎಲೆಗಳೇ ಉಳಿಯುತ್ತವೆ. ಎರಡು ದಿನದಲ್ಲಿ ಅವುಗಳ ಅಂಚು ಕಂದಾಗಿ, ಇಡೀ ಬೇಲಿಯನ್ನು ಇಲಿ ತಿಂದ ಹಾಗೆ ಕಾಣುತ್ತದೆ. ಆಮೇಲೆ ಮಾಲಿಯನ್ನು ಬೈದು ಪ್ರಯೋಜನ ಇಲ್ಲ.

ಪೆಟ್ರೋಲ್ ಮಿಷನ್ನಿಗೆ ಬಲ ಇದೆ, ತಂತಿಯ ಹಂಗಿಲ್ಲ. ಆದರೆ ಐದಾರು ಕಿಲೋ ಭಾರ, ಕಿವಿ ಕಿತ್ತುಹೋಗುವ ಸದ್ದು, ಹೆಚ್ಚಿನವುಗಳಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ. ನೂರಾರು ಅಡಿ ಬೇಲಿ ಇರುವ ರೆಸಾರ್ಟು, ಕಾಲೇಜು, ಲೇಔಟಿಗೆ ಅದು ಸರಿ. 60 ಅಡಿಯ ಮನೆಗೆ ಅದು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕರೆಂಟಿನದು ಅಗ್ಗ, ಹಗುರ. ಅದರ ವೈರನ್ನು ಅದೇ ಕತ್ತರಿಸಿಕೊಳ್ಳುವ ಕೆಟ್ಟ ಅಭ್ಯಾಸ ಮಾತ್ರ ಇದೆ. ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಕಿಕೊಳ್ಳಬೇಕು. ಮನೆಯಲ್ಲಿ ಶಾಕ್ ತಪ್ಪಿಸುವ ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನು ಮುಟ್ಟಲೇಬೇಡಿ. ಒದ್ದೆ ಗಿಡದ ಹತ್ತಿರವಂತೂ ಬೇಡವೇ ಬೇಡ. ಬ್ಯಾಟರಿಯದು ಮನೆ ಮಟ್ಟಕ್ಕೆ ಸರಿಯಾದ ನಡುದಾರಿ. 18 ಅಥವಾ 20 ವೋಲ್ಟಿನದು, ಒಂದೂವರೆ ಎರಡಡಿ ಬ್ಲೇಡು ಇದ್ದರೆ ಸಾಕು. ಬೆರಳಿಗಿಂತ ದಪ್ಪದ ಕೊಂಬೆ ಬಂದರೆ ಮಿಷನ್ ಪಕ್ಕಕ್ಕಿಟ್ಟು ಸಿಕೇಚರ್ ಅನ್ನುವ ಕೈಕತ್ತರಿ ತೆಗೆದುಕೊಳ್ಳಬೇಕು, ತುರುಕಬಾರದು.

ಎರಡು ಕೈಯಲ್ಲಿ ಹಿಡಿಯುವ ಉದ್ದ ಹಿಡಿಯ ಬೇಲಿ ಕತ್ತರಿಯನ್ನು ಹಳೆಯ ಕಾಲದ್ದು ಅಂತ ಕಡೆಗಣಿಸಬೇಡಿ. ಹರಿತವಾಗಿದ್ದರೆ ಅದರ ಕೊಯ್ತಕ್ಕೆ ಯಾವ ಮಿಷನ್ನೂ ಸಮ ಇಲ್ಲ. ಗುಂಡಗಿನ ಆಕಾರಕ್ಕಂತೂ ಅದೇ ಬೇಕು. ಸಮಸ್ಯೆ ಏನೆಂದರೆ ಹತ್ತರಲ್ಲಿ ಎಂಟು ಮಂದಿಯ ಕತ್ತರಿ ಹರಿತವಾಗಿರುವುದಿಲ್ಲ. ಫೈಕಸ್ ಹಾಲು ಮೆತ್ತಿಕೊಂಡು, ತುಕ್ಕು ಹಿಡಿದು, ಕೊಯ್ಯುವ ಬದಲು ಜಗಿಯುತ್ತದೆ. ಕೆಲಸಕ್ಕೆ ಬಂದವರ ಕತ್ತರಿಯನ್ನು ಒಂದು ಹಳೆಯ ಪೇಪರಿನ ಮೇಲೆ ಆಡಿಸಿ ನೋಡಿ. ಮುಜುಗರ ಬೇಡ, ಕೆಲಸ ಗೊತ್ತಿದ್ದವರು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಯಾರನ್ನು ಕರೆಯುವುದು

ತಿಂಗಳ ಮಾಲಿ, ದಿನಗೂಲಿಗೆ ಬರುವ ಮಿಷನ್ನಿನವರು, ವರ್ಷದ ಕರಾರಿನ ಕಂಪನಿ, ಆಕಾರ ಕೊಡುವುದರಲ್ಲೇ ಪಳಗಿದ ಕೈ, ಇಲ್ಲವೇ ನಾವೇ. ನಮ್ಮ ಊರುಗಳಲ್ಲಿ ಸಿಗುವ ದಾರಿಗಳು ಇಷ್ಟೇ.

ತಿಂಗಳ ಮಾಲಿ ಹತ್ತು ಹದಿನೈದು ಮನೆ ಹಿಡಿದಿರುತ್ತಾರೆ. ವಾರಕ್ಕೊಮ್ಮೆ ಬರುತ್ತಾರೆ ಅಂತ ಮಾತು, ಹಬ್ಬ ಹರಿದಿನ ಕಳೆದರೆ ತಿಂಗಳಿಗೆ ಮೂರು ಸಲ. ಅವರ ದೊಡ್ಡ ಗುಣ ಅಂದರೆ ನಿಮ್ಮ ಗಿಡ ಅವರಿಗೆ ಗೊತ್ತು. ಯಾವ ಮೂಲೆಗೆ ಬಿಸಿಲು ಕಡಿಮೆ, ಎಲ್ಲಿ ಗೆದ್ದಲು ಇದೆ, ಕಳೆದ ಸಲ ಎಲ್ಲಿವರೆಗೆ ಕತ್ತರಿಸಿದೆ ಅನ್ನುವುದೆಲ್ಲ ತಲೆಯಲ್ಲಿರುತ್ತದೆ. ಡುರಾಂಟಾದಂಥ ಬೇಗ ಬೆಳೆಯುವ ಬೇಲಿಗೆ ಇವರೇ ಸರಿ, ಸ್ವಲ್ಪ ಸ್ವಲ್ಪ ಆಗಾಗ ಸವರುತ್ತಾರೆ. ಆದರೆ ಬೇಲಿ ಸವರುವುದು ತಿಂಗಳ ಸಂಬಳದಲ್ಲಿ ಸೇರಿದೆಯಾ, ಬೇರೆಯಾ ಅಂತ ಮೊದಲ ದಿನವೇ ಕೇಳಿಕೊಳ್ಳಿ. ಕೇಳದಿದ್ದರೆ ಮನಸ್ತಾಪ ಆಗುವುದು ಖಂಡಿತ.

ಮಿಷನ್ನಿನವರು ಬೀದಿಯಲ್ಲಿ ಹೋಗುವಾಗ ಬೆಳೆದ ಬೇಲಿ ಕಂಡು ಬೆಲ್ ಒತ್ತುತ್ತಾರೆ. ಬೇಗ ಮುಗಿಸುತ್ತಾರೆ, ಅಗ್ಗ. ಮತ್ತೆ ಬರುತ್ತಾರೋ ಇಲ್ಲವೋ ಹೇಳಲಾಗದು. ವರ್ಷದಿಂದ ಕತ್ತರಿ ಕಾಣದ ಉದ್ದ ಡುರಾಂಟಾ ಬೇಲಿಗೆ ಇವರನ್ನು ಕರೆಯಬಹುದು. ಥೂಜಾ, ದಾಸವಾಳ, ಆಕಾರ ಕೊಟ್ಟ ಗಿಡ ಇದ್ದರೆ ಬೇಡ. ನನ್ನ ತಪ್ಪೂ ಅಲ್ಲೇ ಆದದ್ದು. ಬೇಲಿಗೆ ಅಂತ ಕರೆದು, "ಅದನ್ನೂ ಹಾಗೇ ಮಾಡಿಬಿಡಿ" ಅಂತ ಗೇಟಿನ ಕಡೆ ಕೈ ತೋರಿಸಿದವಳು ನಾನೇ.

ಇವರಲ್ಲಿ ಹೆಚ್ಚಿನವರು ಅಡಿ ಲೆಕ್ಕದಲ್ಲಿ ದರ ಹೇಳುತ್ತಾರೆ. ಇಲ್ಲಿ ಒಂದು ಸೂಕ್ಷ್ಮ ಇದೆ. "ರನ್ನಿಂಗ್ ಫೂಟಿಗೆ ಇಷ್ಟು" ಅಂದರೆ ರಸ್ತೆ ಕಡೆಯ ಒಂದು ಮುಖ ಮಾತ್ರವಾ, ಎರಡೂ ಮುಖವಾ, ತಲೆ ಸೇರಿಯಾ? ಎಷ್ಟು ಎತ್ತರದವರೆಗೆ ಆ ದರ? ಒಂದೇ ಮುಖಕ್ಕೆ ಹೇಳಿದ ಅಗ್ಗದ ದರ ಎರಡು ಮುಖ, ತಲೆ ಸೇರಿದಾಗ ಮಾಲಿಯ ಕೂಲಿಗಿಂತ ಜಾಸ್ತಿ ಆಗಬಹುದು. ಸವರಿದ ಸೊಪ್ಪನ್ನು ಯಾರು ಸಾಗಿಸಬೇಕು ಅನ್ನುವುದಂತೂ ದರಕ್ಕಿಂತ ಮುಖ್ಯ. 60 ಅಡಿ ಬೇಲಿಯ ಮಳೆಗಾಲದ ಸೊಪ್ಪು ಒಂದು ಲಗೇಜ್ ಆಟೋ ತುಂಬುತ್ತದೆ. ದಿನಾ ಬೆಳಿಗ್ಗೆ ಬರುವ ಕಸದ ಗಾಡಿಯವರು ಅಷ್ಟನ್ನು ಒಟ್ಟಿಗೆ ಹಾಕಿಸಿಕೊಳ್ಳುವುದು ಅಪರೂಪ.

ವರ್ಷದ ಕರಾರಿನ ಕಂಪನಿಗಳು ಅಪಾರ್ಟ್‌ಮೆಂಟಿಗೆ, ಆಫೀಸಿಗೆ ಸರಿ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಬರುತ್ತಾರೆ, ಕೆಲಸಗಾರರಿಗೆ ಇನ್ಶೂರೆನ್ಸ್ ಇದೆಯಾ ಅಂತ ಕೇಳಬಹುದು, ಬಿಲ್ ಸಿಗುತ್ತದೆ. ಆದರೆ "ಇನ್ನೊಬ್ಬರು ಬರುತ್ತಾರೆ" ಅನ್ನುವುದೇ ಅವರ ಕೊರತೆ ಕೂಡ. ಪ್ರತಿ ಸಲ ಹೊಸ ಮುಖ, ಹೊಸ ಕಣ್ಣಳತೆ. ಕರಾರಿನಲ್ಲಿ "ತೋಟದ ನಿರ್ವಹಣೆ" ಅಂತ ಬರೆದಿದ್ದರೆ ಸಾಲದು. ಯಾವ ಗಿಡಕ್ಕೆ ವರ್ಷಕ್ಕೆ ಎಷ್ಟು ಸಲ, ಎಷ್ಟು ಎತ್ತರದಲ್ಲಿ ನಿಲ್ಲಿಸಬೇಕು, ಇಷ್ಟನ್ನಾದರೂ ಬರೆಸಿ.

ನಾವೇ ಮಾಡಿಕೊಳ್ಳುವುದು? 4 ಅಡಿ ಎತ್ತರ, 30 ಅಡಿ ಉದ್ದದವರೆಗೆ ಆರಾಮಾಗಿ ಆಗುತ್ತದೆ. ಭಾನುವಾರ ಬೆಳಿಗ್ಗೆ ಎರಡು ಗಂಟೆಯ ಕೆಲಸ. ಏಣಿ ಬೇಕಾಗುವ ಎತ್ತರವಾದರೆ, ಮೇಲೆ ಕರೆಂಟು ತಂತಿ ಹೋಗಿದ್ದರೆ ಕೈ ಹಾಕಬೇಡಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಫೈಕಸ್ ಹಾಲು, ಕಳ್ಳಿ ಹಾಲು ಕಣ್ಣಿಗೆ ಹಾರಿದರೆ ಆ ಭಾನುವಾರ ಆಸ್ಪತ್ರೆಯಲ್ಲೇ. ಬೇಲಿ ದಾಟಿ ಮರದ ಮಾತು ಬಂದರೆ ಕತೆ ಬೇರೆ. ಹೆಚ್ಚಿನ ಜಾತಿಯ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು.

ಯಾರೇ ಬರಲಿ, ಮೊದಲು ಹಿಂದಿನ ಮೂಲೆಯಲ್ಲಿ ಮೂರಡಿ ಸವರಿ ತೋರಿಸಲು ಹೇಳಿ. ನೋಡಬೇಕಾದದ್ದು ಇದು. ಎರಡು ಕೋಲು ನೆಟ್ಟು ದಾರ ಕಟ್ಟುತ್ತಾರಾ? ನಡುನಡುವೆ ಹತ್ತು ಹೆಜ್ಜೆ ಹಿಂದೆ ಬಂದು ನೋಡುತ್ತಾರಾ? ಬುಡವನ್ನು ತಲೆಗಿಂತ ಸ್ವಲ್ಪ ಅಗಲ ಬಿಡುತ್ತಾರಾ? ಈ ಕೊನೆಯದು ಗೊತ್ತಿದ್ದವರು ಸಿಕ್ಕರೆ ಬಿಡಬೇಡಿ. ತಲೆ ಅಗಲ, ಬುಡ ಕಿರಿದು ಆದರೆ ಕೆಳಗಿನ ಎಲೆಗೆ ಬಿಸಿಲು ಬೀಳುವುದಿಲ್ಲ. ಎರಡೇ ವರ್ಷದಲ್ಲಿ ಬುಡ ಬರಿದಾಗಿ, ಮೇಲೆ ಕೊಡೆ, ಕೆಳಗೆ ಕಡ್ಡಿ. ನಮ್ಮ ರಸ್ತೆಗಳಲ್ಲಿ ಕಾಣುವ ಹೆಚ್ಚಿನ ಬೇಲಿಗಳ ಗತಿ ಇದೇ.

ಮಲೆನಾಡಿನವರಿಗೆ ಇನ್ನೊಂದು ಅನುಕೂಲ ಇದೆ. ಬೇರೆ ಕಡೆ ಕಸಿ ಅಂದರೆ ಗಿಡಕ್ಕೆ ಗಿಡ ಕೂಡಿಸುವುದು. ಕಾಫಿ ತೋಟದಲ್ಲಿ ಕಸಿ ಅಂದರೆ ಸವರುವುದೇ. ಕಾಫಿ ಗಿಡ ಕಸಿ ಮಾಡಿ ಪಳಗಿದ ಕೈಗೆ ಯಾವ ಕೊಂಬೆ ಇಡಬೇಕು, ಯಾವುದು ತೆಗೆಯಬೇಕು ಅಂತ ಕಣ್ಣಲ್ಲೇ ಗೊತ್ತಾಗುತ್ತದೆ. ದಾಸವಾಳ, ಕೇಪಳಕ್ಕೆ ಅಂಥವರಿಗಿಂತ ಒಳ್ಳೆಯವರು ಸಿಗಲಾರರು. ನೇರ ಗೆರೆಯ ಬೇಲಿಗೆ ಮಾತ್ರ ಅವರಿಗೆ ದಾರ ಕಟ್ಟಿಕೊಡಬೇಕು!

ಆನೆ, ನವಿಲು, ಗುಂಡು

ಲಾಲ್‌ಬಾಗಿನಲ್ಲಿ ಗಿಡಗಳಿಗೆ ಆಕಾರ ಕೊಟ್ಟು ಬೆಳೆಸಿದ ಟೋಪಿಯರಿ ತೋಟ ನೋಡಿ ಬಂದವರಿಗೆಲ್ಲ ಮನೆ ಮುಂದೆ ಒಂದು ಆನೆ ಬೇಕು ಅನ್ನಿಸುತ್ತದೆ. ಕೆಆರ್‌ಎಸ್ ಕೆಳಗಿನ ಬೃಂದಾವನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಬೇಲಿಗಳನ್ನು ಕಂಡಾಗಲೂ ಹಾಗೇ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ 1927ರಲ್ಲಿ ಶುರುವಾಗಿ 1932ರಲ್ಲಿ ಮುಗಿದ ತೋಟ ಅದು. ಅಲ್ಲಿ ಪ್ರತಿದಿನ ಕೆಲಸಗಾರರಿದ್ದಾರೆ. ನಮ್ಮ ಮನೆಗೆ ಮಾಲಿ ತಿಂಗಳಿಗೆ ಮೂರು ಸಲ.

ಇಂಗ್ಲೆಂಡಿನ ಲೆವೆನ್ಸ್ ಹಾಲ್ ತೋಟದಲ್ಲಿ 300 ವರ್ಷ ದಾಟಿದ ಟೋಪಿಯರಿ ಇದೆ. ಅಲ್ಲಿ ಮುಖ್ಯವಾಗಿ ಬಳಸುವುದು ಯೂ, ಬಾಕ್ಸ್‌ವುಡ್ ಎಂಬ ನಿಧಾನದ ಗಿಡಗಳು. ಯೂಗೆ ವರ್ಷಕ್ಕೆ ಒಂದು ಸಲ ಕತ್ತರಿ ತಾಗಿಸಿದರೆ ಸಾಕು. ಯೂಟ್ಯೂಬಿನಲ್ಲಿ ನಾವು ನೋಡುವ ಚೆಂದದ ವಿಡಿಯೋಗಳೂ ಬಹುಪಾಲು ಅಂಥ ಚಳಿ ದೇಶದವು. ಅಲ್ಲಿನ ತಿಂಗಳ ಪಟ್ಟಿ ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಆನೆ ಮಾಡುವುದು ಡುರಾಂಟಾ ಅಥವಾ ಕ್ಲೆರೋಡೆಂಡ್ರಮ್ ಅನ್ನುವ ಪೊದೆ ಗಿಡದಲ್ಲಿ. ಜುಲೈ ತಿಂಗಳಲ್ಲಿ ಎರಡು ವಾರ ಬಿಟ್ಟರೆ ಆನೆಗೆ ಗಡ್ಡ ಬರುತ್ತದೆ, ಒಂದು ತಿಂಗಳು ಬಿಟ್ಟರೆ ಅದು ಕರಡಿ.

ಟೋಪಿಯರಿಗೆ ಮೂರು ದಾರಿ. ಒಂದು, ನೆಲದ ಗಿಡವನ್ನೇ ಕಣ್ಣಳತೆಯಲ್ಲಿ ಸವರಿ ಆಕಾರ ಕೊಡುವುದು. ಗುಂಡು, ಗೋಪುರ, ಗುಮ್ಮಟದಂಥ ಸರಳ ಆಕಾರಕ್ಕೆ ಇದು ಸಾಕು, ಎರಡು ವರ್ಷದಲ್ಲಿ ಚೆನ್ನಾಗಿ ಕೂರುತ್ತದೆ. ಖರ್ಚು ಅಂದರೆ ತಾಳ್ಮೆ. ಎರಡು, ಕಬ್ಬಿಣದ ಸರಳು, ಜಾಲರಿಯಿಂದ ಮಾಡಿದ ಚೌಕಟ್ಟಿನೊಳಗೆ ನಾಲ್ಕಾರು ಸಸಿ ನೆಟ್ಟು ತುಂಬಿಸುವುದು. ಪ್ರಾಣಿಯ ಆಕಾರಕ್ಕೆ ಇದೇ ಒಳ್ಳೆಯದು. ಜಾಲರಿ ದಾಟಿ ಹೊರಬಂದಿದ್ದನ್ನು ಕತ್ತರಿಸಿದರೆ ಆಯಿತು, ಹೊಸ ಮಾಲಿ ಬಂದರೂ ಆನೆ ಆನೆಯಾಗಿಯೇ ಉಳಿಯುತ್ತದೆ. ಚೌಕಟ್ಟಿಗೆ ಒಳ್ಳೆಯ ಪೇಂಟ್ ಹೊಡೆಸಿ, ತುಕ್ಕು ಹಿಡಿದ ಮೇಲೆ ಗಿಡದ ಹೊಟ್ಟೆಯಿಂದ ಅದನ್ನು ತೆಗೆಯಲಾಗದು. ಮೂರು, ಬೆಳೆದು ನಿಂತಿದ್ದನ್ನೇ ಕೊಳ್ಳುವುದು. ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂ ನರ್ಸರಿಗಳಿಂದ ಸುರುಳಿ, ಲಾಲಿಪಾಪ್, ಮೂರು ಗುಂಡಿನ ಫೈಕಸ್‌ಗಳು ಲಾರಿಯಲ್ಲಿ ಬರುತ್ತವೆ. ತಂದ ದಿನವೇ ಮನೆ ಮುಂದೆ ಮದುವೆ ಮನೆಯ ಕಳೆ. ಆದರೆ ಆ ಗೋದಾವರಿ ದಂಡೆಯ ತೇವದಿಂದ ನಮ್ಮ ಒಣ ಗಾಳಿಗೆ ಬಂದ ಮೇಲೆ ಮೊದಲ ತಿಂಗಳು ಎಲೆ ಉದುರುವುದು ಮಾಮೂಲು. ನೆರಳಲ್ಲಿಟ್ಟು ನಿಧಾನಕ್ಕೆ ಬಿಸಿಲಿಗೆ ತನ್ನಿ, ಆ ತಿಂಗಳು ಕತ್ತರಿ ಮುಟ್ಟಿಸಬೇಡಿ.

ನನ್ನನ್ನು ಕೇಳಿದರೆ ಮನೆಗೆ ಗುಂಡೇ ಸಾಕು. ಗುಂಡು ಸ್ವಲ್ಪ ಓರೆಯಾದರೂ ಯಾರಿಗೂ ಗೊತ್ತಾಗುವುದಿಲ್ಲ. ನವಿಲಿನ ಕತ್ತು ಓರೆಯಾದರೆ ಬೀದಿಯೆಲ್ಲ ಗಮನಿಸುತ್ತದೆ. ಪ್ರಾಣಿಯೇ ಬೇಕು ಅಂದರೆ ಪಾರ್ಕಿನಲ್ಲಿ ಇದೇ ಕೆಲಸ ಮಾಡಿ ಪಳಗಿದವರನ್ನು ಹುಡುಕಿ, ಅವರು ಮಾಡಿಟ್ಟ ಆಕಾರ ಒಂದನ್ನಾದರೂ ಕಣ್ಣಾರೆ ನೋಡಿ. ಮೊಬೈಲಿನ ಫೋಟೋ ನಂಬಬೇಡಿ, ಸವರಿದ ದಿನ ಎಲ್ಲ ಆನೆಗಳೂ ಚೆಂದ. ಸವರಿ ಹದಿನೈದು ದಿನ ಆದದ್ದನ್ನು ತೋರಿಸಿ ಅನ್ನಿ.

ಯಾವಾಗ

ಹಗುರವಾಗಿ ಸವರಲು ಕಾಲ ನೋಡಬೇಕಿಲ್ಲ. ಗಟ್ಟಿಯಾಗಿ, ಮೂರರಲ್ಲಿ ಒಂದು ಪಾಲಿನಷ್ಟು ತೆಗೆಯುವುದಾದರೆ ಮುಂಗಾರು ಹಿಡಿದ ಮೇಲೆ, ಜೂನ್‌ನಲ್ಲಿ ಮಾಡಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ಮಾಡಿಸಿದರೆ ಇಷ್ಟು ದಿನ ನೆರಳಲ್ಲಿದ್ದ ಒಳಗಿನ ಎಲೆ ಒಮ್ಮೆಲೇ ಬಿಸಿಲಿಗೆ ಬಿದ್ದು ಸುಟ್ಟುಹೋಗುತ್ತದೆ. ಬುಡ ಬರಿದಾದ ಹಳೆಯ ಬೇಲಿಯನ್ನು ಸರಿಮಾಡುವುದಿದ್ದರೆ ಈ ವರ್ಷ ಒಂದು ಮುಖ, ಮುಂದಿನ ವರ್ಷ ಇನ್ನೊಂದು ಮುಖ. ಸವರಿದ ಮೇಲೆ ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ.

ಕತ್ತರಿ ಹಾಕುವ ಮೊದಲು ಬೇಲಿಯನ್ನು ಕೋಲಿನಲ್ಲಿ ಮೆಲ್ಲಗೆ ತಟ್ಟಿ, ಎಲೆ ಸರಿಸಿ ಒಳಗೆ ನೋಡಿ. ಪಿಕಳಾರ, ಸಿಂಪಿಗ ಹಕ್ಕಿ ನಮ್ಮ ಎದೆಯ ಎತ್ತರದ ಬೇಲಿಯಲ್ಲೇ ಗೂಡು ಕಟ್ಟುತ್ತವೆ. ಮರಿ ಹಾರುವವರೆಗೆ ಆ ಎರಡಡಿ ಬಿಟ್ಟುಬಿಡಿ. ಕಣಜದ ಗೂಡು ಇದ್ದರೆ ಅದೂ ಮೊದಲೇ ಗೊತ್ತಾಗುತ್ತದೆ. ಕರಾವಳಿಯಲ್ಲಿ ಎಲೆ ಹೊಲಿದು ಗೂಡು ಕಟ್ಟಿ ಕಚ್ಚುವ ಚಗಳಿ ಇರುವೆಯ ಕಾಟ ಬೇರೆ. ಸವರಿದ ಸೊಪ್ಪನ್ನು ಹಸುವಿಗೆ ಹಾಕುವ ಆಸೆ ಬೇಡ. ಡುರಾಂಟಾ, ಲಂಟಾನ, ಕಣಗಿಲೆ ಮೂರೂ ಹಸುವಿಗೆ ವಿಷ. ಕಾಡು ಕರಿಬೇವು, ದಾಸವಾಳದ ಸೊಪ್ಪನ್ನು ಸಣ್ಣಗೆ ಕೊಚ್ಚಿ ತೆಂಗಿನ ಬುಡಕ್ಕೆ ಹಾಕಬಹುದು.

ಮೂರು ಮನೆಯಲ್ಲಿ ಕೊನೆಗೆ ಏನಾಯಿತು

ನಮ್ಮ ಮನೆಯಲ್ಲಿ ಡುರಾಂಟಾ ಇನ್ನೂ ಇದೆ, ಮಾಲಿಯೇ ನೋಡಿಕೊಳ್ಳುತ್ತಾರೆ. ಥೂಜಾ ಇದ್ದ ಜಾಗಕ್ಕೆ ಎರಡು ಕಾಡು ಕರಿಬೇವು ಹಾಕಿ ಗುಂಡು ಮಾಡುತ್ತಿದ್ದೇನೆ. ಅವನ್ನು ಮಾತ್ರ ಯಾರಿಗೂ ಮುಟ್ಟಲು ಬಿಡುವುದಿಲ್ಲ, ಕತ್ತರಿ ನನ್ನದೇ.

ಮಂಗಳೂರಿನ ಅಕ್ಕನ ಮನೆಗೆ ನಮ್ಮ ಲೆಕ್ಕ ನಡೆಯುವುದಿಲ್ಲ. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಅಲ್ಲಿ 3500ಕ್ಕೂ ಹೆಚ್ಚು. ಡುರಾಂಟಾ ಹಾಕಿದ್ದರೆ ಅವಳು ಮಳೆಗಾಲವೆಲ್ಲ ಛತ್ರಿ ಹಿಡಿದು ಬೇಲಿಯ ಹತ್ತಿರವೇ ನಿಲ್ಲಬೇಕಿತ್ತು. ಅವಳು ಕೇಪಳ ಹಾಕಿ, ವರ್ಷಕ್ಕೆ ಎರಡು ಸಲ ದಿನಗೂಲಿಗೆ ಒಬ್ಬರನ್ನು ಕರೆದು ಸಿಕೇಚರಿನಲ್ಲಿ ಸವರಿಸುತ್ತಾಳೆ. ಬೇಲಿ ನೇರ ಇಲ್ಲ. ಹೂ ಮಾತ್ರ ದೇವರಿಗೂ, ಪಕ್ಕದ ಮನೆಗೂ ಸಾಕಾಗುವಷ್ಟು.

ಬೆಂಗಳೂರಿನ ತಮ್ಮನ ಅಪಾರ್ಟ್‌ಮೆಂಟಿನಲ್ಲಿ ಗೇಟಿನ ಬಳಿ ಚೌಕಟ್ಟಿಲ್ಲದ ಡುರಾಂಟಾ ಆನೆ ಇತ್ತು. ಹದಿನೈದು ದಿನಕ್ಕೊಮ್ಮೆ ಸವರಲು ಕಂಪನಿ ಬೇರೆ ದುಡ್ಡು ಕೇಳಿತು. ಮೀಟಿಂಗಿನಲ್ಲಿ ಮುಕ್ಕಾಲು ಗಂಟೆ ಚರ್ಚೆಯಾಯಿತಂತೆ. ಕೊನೆಗೆ ಅಲ್ಲಿನ ಮಾಲಿಯೊಬ್ಬರೇ ಸೊಂಡಿಲು, ಕಿವಿ ತೆಗೆದು, ತಲೆ ಒಂದು, ಬೆನ್ನು ಒಂದು, ಹಿಂಭಾಗ ಒಂದು ಅಂತ ಮೂರು ಗುಂಡು ಮಾಡಿದರು. ಈಗ ತಿಂಗಳಿಗೊಮ್ಮೆ ಸವರಿದರೆ ಸಾಕು. ಮಕ್ಕಳು ಶಾಲೆಯ ಬಸ್ಸಿಗೆ ಕಾಯುವಾಗ ಇವತ್ತಿಗೂ "ಆನೆ ಹತ್ರ ನಿಂತ್ಕೋ" ಅಂತಲೇ ಹೇಳಿಕೊಳ್ಳುತ್ತಾರೆ.